ನಮ್ಮ ಬೀಗರ ಗಾಳದ ಕೋಲುಗಳು

ನಾನು ಅಜ್ಜಿಯಾದೆ! ಹೆಣ್ಣು ಮಗು! ತಲೆ ತುಂಬ ಕೂದಲು, ಅಪ್ಪನ ಮೂಗು, ಗಂಟಲು ಮಾತ್ರ ನನ್ನದೇ! ಇವತ್ತು ಬೆಳಿಗ್ಗೆ ತಾಯಿ ಮಗು ಇಬ್ಬರೂ ಮಂಡ್ಯದ ಆಸ್ಪತ್ರೆಯಿಂದ ಅಲ್ಲೇ ಗುತ್ತಲಿನ ನಮ್ಮ ಮನೆಗೆ ಬಂದರು. ಕೂಸಿನ ಮುಖ ನೋಡುತ್ತಲೇ ಆರತಿ ಎತ್ತಿದೆ, ಅರ್ಧ ಕುಂಕುಮದ ನೀರು ಅಳಿಯನ ಬಿಳಿ ಷರಟಿನ ಮೇಲೆ ಹೋಯಿತು. ಹೋಗಲಿ ಬಿಡಿ, ಷರಟು ಇನ್ನೊಂದು ಬರುತ್ತದೆ! ಬೀದಿಗೆಲ್ಲ ಸಕ್ಕರೆ ಹಂಚಿದೆ. ಗುರುತಿದ್ದವರಿಗೂ ಹಂಚಿದೆ, ಇಲ್ಲದವರಿಗೂ ಹಂಚಿದೆ. ಕರೆಂಟು ಬಿಲ್ಲು ಬರೆಯಲು ಬಂದವನು "ನಂಗೆ ಶುಗರ್ ಅದೆ ಕಣವ್ವ" ಎನ್ನುವಷ್ಟರಲ್ಲಿ ಅವನ ಬಾಯಿಗೂ ಒಂದು ಹಿಡಿ ಸುರಿದಾಗಿತ್ತು.

ಆದರೆ ನಾನು ಹೇಳಹೊರಟಿದ್ದು ಮಗುವಿನ ವಿಷಯವಲ್ಲ. ಅದನ್ನು ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ, ನೀವು ಕೇಳುವುದಿಲ್ಲ. ಹೇಳಹೊರಟಿದ್ದು ನಮ್ಮ ಬೀಗರ ವಿಷಯ. ಅಳಿಯನ ತಂದೆ, ಈ ಕೂಸಿನ ಇನ್ನೊಂದು ಕಡೆಯ ತಾತ. ಲೋಕದಲ್ಲಿ ಎಲ್ಲರೂ ತಿನ್ನುವುದಕ್ಕೆ ಮೀನು ಹಿಡಿಯುತ್ತಾರೆ. ನಮ್ಮ ಬೀಗರು ಕೋಲು ಆರಿಸುವುದಕ್ಕೆ ಮೀನು ಹಿಡಿಯುತ್ತಾರೆ! ನಗಬೇಡಿ, ಪೂರ್ತಿ ಕೇಳಿ.

ಮಗಳ ಮದುವೆಗೆ ಮುಂಚೆ ಗಂಡಿನ ಮನೆ ನೋಡಿಕೊಂಡು ಬರೋಣವೆಂದು ನಾನೂ ನಮ್ಮ ಯಜಮಾನರೂ ಕಿರುಗಾವಲಿನ ಹತ್ತಿರ ಅವರ ಹಳ್ಳಿಗೆ ಹೋಗಿದ್ದೆವು. ಗಂಡಿನ ಮನೆ ನೋಡುವುದೆಂದರೆ ಏನು? ಗದ್ದೆ ಎಷ್ಟಿದೆ, ಬೋರಿನಲ್ಲಿ ನೀರಿದೆಯೇ, ಹಟ್ಟಿಯಲ್ಲಿ ಹಸು ಎಷ್ಟು ಅಂತ ನೋಡುವುದು. ಒಳಗೆ ಕಾಲಿಟ್ಟೆವು. ತೊಲೆಯಿಂದ ತೊಲೆಗೆ ಹಗ್ಗ ಕಟ್ಟಿ ಸಾಲಾಗಿ ಬಿದಿರಿನ ಕೋಲು ಮಲಗಿಸಿದ್ದಾರೆ! ಉದ್ದದ್ದು, ಮೊಂಡು, ತುದಿ ಬಾಗಿದ್ದು, ಎಣ್ಣೆ ಕುಡಿದು ಕಪ್ಪಾದದ್ದು. ಚಟ್ಟ ಕಟ್ಟುವ ಕಸುಬೋ ಏನೋ ಎಂದುಕೊಂಡೆ.

"ಬೀಗ್ರೇ, ಗದ್ದೆ ಯಾವ್ ದಿಕ್ಗದೆ?" ಎಂದರು ನಮ್ಮ ಯಜಮಾನರು.

"ಗದ್ದೆ ಎಲ್ಗೂ ಎದ್ದೋಗಕಿಲ್ಲ, ಕುಂತ್ಕಳಿ. ಮೊದ್ಲು ಇದ ನೋಡಿ," ಎಂದು ಬೀಗರು ಒಂದೊಂದೇ ಕೋಲು ಇಳಿಸಿದರು. "ಇದು ಕೆರೆ ಗೆಂಡೆ ಮೀನ್ಗೆ. ತುದಿ ನೋಡಿ, ಪೊರಕೆ ಕಡ್ಡಿ ಇದ್ದಂಗದೆ. ಗೆಂಡೆ ಮುತ್ತಿಕ್ಕಿದ್ರೂ ಕೈಗೆ ತಿಳೀತದೆ. ಈ ಮೊಂಡುದ್ದು ಕೊರವ ಮೀನ್ಗೆ. ಅದು ಜೊಂಡಿನೊಳ್ಗೆ ಕಳ್ಳನಂಗೆ ಕುಂತಿರ್ತದೆ, ಉದ್ದದ ಕೋಲು ತಕ್ಕಂಡೋದ್ರೆ ಜೊಂಡೇ ಬತ್ತದೆ. ಇದು ನಾಲೆ ನೀರ್ಗೆ. ಇದು ಕಾವೇರಿ ಬಾಳೆಮೀನ್ಗೆ."

"ಎಲ್ಲಾನೂ ಒಂದೇ ಕೋಲಲ್ಲಿ ಇಡಿಯಕ್ಕಾಗಲ್ವಾ?" ಎಂದುಬಿಟ್ಟೆ ನಾನು. ಬಾಯಿ ತಪ್ಪಿ!

ಬೀಗರು ನನ್ನನ್ನು ಮರುಕದಿಂದ ನೋಡಿದರು. "ಅಕ್ಕ, ನಿಮ್ ಅಡುಗೆ ಮನೇಲಿ ಮುದ್ದೆ ಕೋಲಲ್ಲೇ ಮಜ್ಗೆ ಕಡೀತೀರಾ?"

ಬಸ್ಸು ಹತ್ತಿ ಮಂಡ್ಯಕ್ಕೆ ಬಂದಮೇಲೆ ಮಗಳು ನಾಚಿಕೊಂಡು ಕೇಳಿದಳು, "ಅವ್ವ, ಉಡುಗ ಎಂಗವ್ನೆ?" ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹುಡುಗನನ್ನು ನೋಡುವುದೇ ಮರೆತುಹೋಗಿತ್ತು!

ಮದುವೆಯೇನೋ ಆಯಿತು. ಬೀಗರೂಟದ ದಿನ ಊರಿಗೆ ಊರೇ ಮಟನ್ನಿಗೆ ಮುಗಿಬಿದ್ದಿದ್ದರೆ, ಬೀಗರು ಮಟನ್ ಪಕ್ಕಕ್ಕೆ ತಳ್ಳಿ "ಮೀನಿಲ್ವಾ?" ಎಂದು ಕೇಳಿದರು. ಅಳಿಯನಿಗೆ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ. ಹಾಗಾಗಿ ಮಗಳು ಅಳಿಯ ಮದ್ದೂರಿನಲ್ಲಿ ಬಾಡಿಗೆ ಮನೆ ಮಾಡಿದರು. ಮದ್ದೂರಿನಲ್ಲಿ ಶಿಂಷಾ ಹೊಳೆ ಇದೆಯಲ್ಲ! ಬೀಗರಿಗೆ ಮಗನ ಮೇಲೆ ಪ್ರೀತಿ ಉಕ್ಕಿ ಬಂತು. ಆಗಾಗ ಕೋಲು ಹಿಡಿದು ಬಸ್ಸು ಹತ್ತುವುದು ಶುರುವಾಯಿತು.

ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕಂಡಕ್ಟರು ತಡೆದನಂತೆ. "ಯಜಮಾನ್ರೇ, ಕೋಲ್ಗೂ ಟಿಕೇಟ್ ಆಯ್ತದೆ."

"ಕೊಡಪ್ಪ. ಆದ್ರೆ ಸೀಟು ಕೊಡ್ಬೇಕು. ನಿಂತ್ಕಂಡ್ ಬಂದ್ರೆ ಅದುಕ್ಕೆ ಬೆನ್ನು ಬಗ್ಗೋಯ್ತದೆ."

ಆ ದಿನ ಮದ್ದೂರಿನಲ್ಲಿ ಇಳಿದು, ಸೇತುವೆ ಮೇಲೆ ನಿಂತು ನೀರು ನೋಡಿದ್ದಾರೆ. ಮೇಲೆಲ್ಲೋ ಮಳೆಯಾಗಿ ನೀರು ಟೀ ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿದ್ದದ್ದು ತಿಳಿನೀರಿನ ಕೋಲು! ಮನೆಗೂ ಹೋಗದೆ ಅದೇ ಬಸ್ಸಿಗೆ ವಾಪಸ್ಸು ಊರಿಗೆ ಹೋದರು. ರಾಡಿ ನೀರಿನ ಕೋಲು ತೆಗೆದುಕೊಂಡು ಮತ್ತೆ ಬರುವಷ್ಟರಲ್ಲಿ ಸಂಜೆಯಾಗಿ ನೀರು ತಿಳಿಯಾಗಿತ್ತು! ಮಗಳು ಬಿಸಿ ಮುದ್ದೆ ಮಾಡಿ ಕಾದವಳು ತಣ್ಣಗಾದ ಮುದ್ದೆ ಬಡಿಸಿದಳು. "ತಪ್ಪು ನಂದಲ್ಲ ಕಣವ್ವ, ಒಳೆ ಮಾತು ತಪ್ತು," ಎಂದರಂತೆ.

ಆಮೇಲೆ ಇನ್ನೊಂದು ಹುಚ್ಚು ಹತ್ತಿತು. ಕಾವೇರಿ ದಡದಲ್ಲಿ ಯಾರೋ ಪೇಟೆಯವರು ಸಣ್ಣ ಫೈಬರ್ ಕೋಲು ಬೀಸುತ್ತಿದ್ದರಂತೆ. ಗಾಳಕ್ಕೆ ಎರೆಹುಳುವೂ ಇಲ್ಲ, ಹಿಟ್ಟೂ ಇಲ್ಲ. ಗರಿ ಸುತ್ತಿ ನೊಣದ ಹಾಗೆ ಮಾಡಿದ ಒಂದು ಸುಳ್ಳು ಹುಳು! ಗಾಳಿಯಲ್ಲಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ, ನೀರಿನ ಮೇಲೆ ನೊಣ ಕೂತ ಹಾಗೆ ಕೂರಿಸುವುದು. ಮೀನು ನಿಜವಾದ ನೊಣವೆಂದು ನುಂಗುತ್ತದೆ. ಬೀಗರಿಗೆ ಅಂದು ನಿದ್ದೆ ಹತ್ತಲಿಲ್ಲ. ಮೈಸೂರಿಗೆ ಹೋಗಿ ಅಂಥದೇ ಕೋಲು ತಂದರು. ನೊಣ ಮಾತ್ರ ನಾನೇ ಕಟ್ಟುತ್ತೇನೆಂದು ಕೂತರು. ಗರಿಗೆ ಮನೆಯ ಹುಂಜ, ಹೊಳಪಿಗೆ ಹೆಂಡತಿಯ ಮದುವೆ ಸೀರೆಯ ಜರಿ! ಆ ಹುಂಜ ಈಗಲೂ ಅವರ ಕೆಮ್ಮು ಕೇಳಿದರೆ ಬಣವೆ ಹಿಂದೆ ಹೋಗಿ ಅಡಗುತ್ತದೆ. ಬಾಲದಲ್ಲಿ ಒಂದು ಗರಿಯೂ ಉಳಿದಿಲ್ಲ. ಕೋಳಿಗಳ ಮುಂದೆ ಮರ್ಯಾದೆ ಬೇಡವೇ ಅದಕ್ಕೆ? ಅಭ್ಯಾಸವಂತೂ ಎಷ್ಟಾಯಿತೆಂದರೆ, ಕೆರೆಯಲ್ಲಿ ತೇಲುವ ಹುಣಸೆ ಎಲೆಯ ಮೇಲೆ ನೊಣ ಕೂರಿಸು ಎಂದರೆ ಅದೇ ಎಲೆಯ ಮೇಲೆ ಕೂರಿಸುತ್ತಿದ್ದರು.

ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಏನು ಮಾಡುತ್ತಿದ್ದರು ಹೇಳಿ? ಹಂಚಿಬಿಡುತ್ತಿದ್ದರು! ಬೀಗರೂಟದಲ್ಲಿ ಮೀನು ಕೇಳಿದ ಮನುಷ್ಯ, ಆಮೇಲೆ ಯಾವಾಗಲೋ ಮೀನು ಬಾಯಿಗಿಡುವುದನ್ನೇ ಬಿಟ್ಟಿದ್ದರು. ಕೇಳಿದರೆ "ಪಿತ್ತ ಕಣಕ್ಕ, ಮೀನು ಆಗಿ ಬರಕಿಲ್ಲ," ಎನ್ನುವರು. ಬೀಗಿತ್ತಿ ಹಣೆ ಚಚ್ಚಿಕೊಳ್ಳುವರು.

"ಪಿತ್ತ ಅಂತೆ ಪಿತ್ತ! ಮೊಟ್ಟೆ ತಿಂದ್ರೆ ಬರಕಿಲ್ಲ, ನಾಟಿಕೋಳಿ ತಿಂದ್ರೆ ಬರಕಿಲ್ಲ, ಮೀನ್ ಕಂಡ್ರೆ ಮಾತ್ರ ಓಡ್ಬತ್ತದಂತೆ! ಸೀರೆ ಜರಿ ಕಿತ್ತಿದ್ಕಾದ್ರೂ ಒಂದ್ ತುಂಡು ತಿನ್ನಿ ಅಂದ್ರೆ ಇಲ್ಲ."

ಕೋಲುಗಳ ಸಾಲಿಗೆ ಮದುವೆಯಾದಮೇಲೆ ಯಾವಾಗಲೋ ಇನ್ನೊಂದು ಸೇರಿತ್ತು. ಎಲ್ಲಕ್ಕಿಂತ ಮೇಲೆ, ದೇವರ ಮೂಲೆಯ ಕಡೆ. ಹೊಸ ಬಿದಿರು, ಒಮ್ಮೆಯೂ ನೀರು ಕಂಡದ್ದಲ್ಲ, ಬುಡಕ್ಕೆ ಅರಿಶಿನದ ಬಟ್ಟೆ ಕಟ್ಟಿತ್ತು. ದೃಷ್ಟಿಗೆ ಕಟ್ಟಿರಬೇಕು ಎಂದುಕೊಂಡಿದ್ದೆ. ಒಂದು ಸಲ ಕೇಳಿಯೇಬಿಟ್ಟೆ.

"ಬೀಗ್ರೇ, ಅದು ಯಾವ್ ಮೀನಿಗೆ?"

"ಅದುರ ಕಾಲ ಇನ್ನೂ ಬಂದಿಲ್ಲ ಕಣಕ್ಕ," ಎಂದು ಬೀಗರು ಹೊರಗೆ ಎದ್ದು ಹೋದರು. ನೋಡಿ, ಇಂಥ ಬೀಗರು ನನಗೆ!

ಈಗ ನನ್ನ ಹೊಟ್ಟೆಯಲ್ಲಿದ್ದ ಸಂಕಟವನ್ನೂ ಹೇಳಬೇಕು. ಮದುವೆಯಾಗಿ ವರ್ಷದ ಮೇಲೆ ವರ್ಷ ಕಳೆದರೂ ಮಗಳಿಗೆ ಮಕ್ಕಳಾಗಲಿಲ್ಲ. ಹಬ್ಬ ಹರಿದಿನಕ್ಕೆ ಬೀಗರ ಊರಿಗೆ ಹೋಗುವಾಗೆಲ್ಲ ನನಗೆ ಒಂದೇ ಭಯ: ಇವತ್ತು ನನ್ನ ಮಗಳಿಗೆ ಯಾರು ಏನು ಅನ್ನುತ್ತಾರೋ! ಬೀಗರೇ ಏನಾದರೂ ಅಂದರೆ? ಗಂಡಿನ ತಂದೆಯಲ್ಲವೇ? ನಾನು ತಲೆ ತಗ್ಗಿಸಿ, ಉತ್ತರ ಸಿದ್ಧ ಮಾಡಿಕೊಂಡು ಕೂತಿರುತ್ತಿದ್ದೆ. ಅವರು ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡು, "ಅಕ್ಕ, ಮೋಡ ಇದ್ದ ದಿನ ಯಾವ ಕೋಲು ತಕ್ಕಬೇಕು ಗೊತ್ತಾ?" ಎನ್ನುತ್ತಿದ್ದರು! ನನ್ನ ಮಗಳ ಬಾಳೇ ಹೀಗಿದೆ, ಈ ಪುಣ್ಯಾತ್ಮನಿಗೆ ಮೋಡದ ಚಿಂತೆ! ಕಲ್ಲು ಎದೆ ಎಂದುಕೊಂಡೆ.

ಒಂದು ಹಿರಿಯರ ಹಬ್ಬ. ಜಗಲಿ ತುಂಬ ನೆಂಟರು. ಬೀಗಿತ್ತಿಯ ಅತ್ತಿಗೆಯೊಬ್ಬರು ಬಂದಿದ್ದರು. ಮೈಮೇಲೆ ಒಡವೆ, ತಲೆಯಲ್ಲಿ ಹೂವು, ಹೂವಿನ ಕೆಳಗೆ ಚೌರಿ ಸೇರಿಸಿ ಕಟ್ಟಿದ ದೊಡ್ಡ ತುರುಬು. ಮಗಳು ಬಡಿಸಲು ಬಂದಳು. ಆಯಮ್ಮ ಎಲ್ಲರಿಗೂ ಕೇಳುವ ಹಾಗೆ, "ಏನವ್ವ, ಇನ್ನೂ ಏನೂ ಇಸೇಸ ಇಲ್ವಾ? ಇನ್ನೆಸ್ಟು ವರ್ಸ ಕಾಯದು ನಮ್ಮೋರು?" ಎಂದರು.

ಮಗಳ ಕೈಯ ಸೌಟು ಅಲ್ಲೇ ನಿಂತಿತು. ಅಷ್ಟರಲ್ಲಿ ಬೀಗರು ಎದ್ದರು. ತೊಲೆಯ ಕಡೆ ಹೋಗಿ ಗೆಂಡೆಯ ಕೋಲು ಮುಟ್ಟಿದರು, ಬಿಟ್ಟರು. ಕೊರವನ ಕೋಲು ಮುಟ್ಟಿದರು, ಬಿಟ್ಟರು. ಕೊನೆಗೆ ನೊಣದ ಕೋಲು ಇಳಿಸಿದರು. "ತಾಯಿ, ನೀವು ಇದ ನೋಡಿಲ್ಲ ಅಲ್ವಾ? ನೋಡ್ಬೇಕು ನೀವು," ಎಂದು ಅಂಗಳಕ್ಕಿಳಿದು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿದರು. ಸುಯ್ ಎಂದಿತು. ನೊಣ ಬಂದು ತುರುಬಿನ ಮೇಲೆ ಕೂತಿತು. ಬೀಗರು ಕೋಲು ಎತ್ತಿದರು. ಹೂವು, ಚೌರಿ ಎಲ್ಲ ಒಟ್ಟಿಗೆ ಎದ್ದು, ಅಂಗಳದ ಮೇಲೆ ಹಾರಿ, ಬಣವೆಯ ನೆತ್ತಿಯಲ್ಲಿ ಇಳಿಯಿತು!

"ಅಯ್ಯಯ್ಯೋ! ಕೈ ಜಾರ್ಬುಡ್ತು ತಾಯಿ!"

ಬಣವೆಯ ಹಿಂದೆ ಅಡಗಿದ್ದ ಹುಂಜ ಹೊಸ ಪ್ರಾಣಿ ಬಂತೆಂದು ಚೀರಿಕೊಂಡು ಓಡಿತು. ಜಗಲಿಯಲ್ಲಿ ನಗದವರೇ ಇಲ್ಲ. ನನ್ನ ಮಗಳು ಸೌಟು ಹಿಡಿದೇ ನಕ್ಕಳು. ಎಷ್ಟು ಕಾಲವಾಗಿತ್ತು ಅವಳು ಹಾಗೆ ನಕ್ಕು! ಎಂಥ ಹುಚ್ಚಪ್ಪನ ಮನೆಗೆ ಕೊಟ್ಟೆನೋ ಎಂದು ನಾನೂ ನಕ್ಕೆ. ಸಂಜೆ ಮಂಡ್ಯದ ಬಸ್ಸಿನಲ್ಲಿ ಕೂತಮೇಲೆ ಹೊಳೆಯಿತು: ಕೈ ಜಾರುವುದಕ್ಕೆ ಯಾರಾದರೂ ಅಷ್ಟು ಹೊತ್ತು ಕೋಲು ಆರಿಸುತ್ತಾರೆಯೇ?

ಇನ್ನು ಮೊನ್ನೆಯ ಮಾತು. ಮಗಳನ್ನು ಹೆರಿಗೆಗೆ ಸೇರಿಸಿದೆವೆಂದು ಫೋನು ಮಾಡಿದ್ದೇ ತಡ, ಬೀಗರು ಬೀಗಿತ್ತಿ ಮೊದಲ ಬಸ್ಸಿಗೇ ಬಂದಿಳಿದರು. ಬೀಗರ ಕೈಯಲ್ಲಿ ಒಂದೇ ಕೋಲು. ಅದೇ ಅರಿಶಿನ ಬಟ್ಟೆಯದು! ಆಸ್ಪತ್ರೆ ಬಾಗಿಲಲ್ಲಿ ಸೆಕ್ಯೂರಿಟಿಯವನು "ಇದೇನಜ್ಜ, ಒಳಗೆ ಕೆರೆ ಇಲ್ಲ," ಎಂದ. "ನಂಗೂ ಗೊತ್ತು ಕಣಪ್ಪ, ಮೂಲೇಲಿ ಮಡಗ್ತೀನಿ, ಅದು ಯಾರ್ಗೂ ಏನೂ ಅನ್ನಕಿಲ್ಲ," ಎಂದು ಒಳಗೆ ಬಂದರು. ಬೀಗಿತ್ತಿ ನನ್ನ ಕಿವಿಯಲ್ಲಿ, "ಇವತ್ತು ಕೋಲು ಆರಿಸ್ಲೇ ಇಲ್ಲ ಕಣಕ್ಕ. ಫೋನು ಬಂದೇಟ್ಗೆ ಅದ್ನೇ ಇಳಿಸ್ಕಂಡ್ರು. ನಂಗ್ಯಾಕೋ ಭಯ ಆಯ್ತದೆ," ಎಂದರು.

ಮಗು ಹುಟ್ಟಿತು. ಪಕ್ಕದ ಮಂಚದವರು "ಎಣ್ಣಾ?" ಎಂದು ರಾಗ ಎಳೆದರು. ಬೀಗರು ಕೂಸಿನ ಮುಷ್ಟಿ ಬಿಡಿಸಿ ನೋಡಿ, "ಬೆರ್ಳು ನೋಡ್ರಪ್ಪ! ನೊಣದ ಕೋಲ್ಗೆ ಏಳಿ ಮಾಡ್ಸಿದಂಗವೆ!" ಎಂದರು. ರಾಗ ಅಲ್ಲಿಗೇ ನಿಂತಿತು.

ಇವತ್ತು ಬೆಳಿಗ್ಗೆ ಆರತಿ ಮುಗಿದು ನೋಡಿದರೆ ಬೀಗರಿಲ್ಲ! ಆಸ್ಪತ್ರೆಯಿಂದ ತಂದು ಮೂಲೆಯಲ್ಲಿಟ್ಟ ಕೋಲೂ ಇಲ್ಲ! ಅಳಿಯ ಪೇಟೆಗೆ ಹೋಗಿ ದೊಡ್ಡ ಕಾಟ್ಲಾ ಮೀನು ತಂದ, ನಾನು ಮಸಾಲೆ ರುಬ್ಬಿದೆ, ಮಧ್ಯಾಹ್ನವಾಯಿತು, ಮನುಷ್ಯನ ಸುಳಿವಿಲ್ಲ. "ಮೊಮ್ಮಗಳು ಮನೆಗೆ ಬಂದ ದಿನಾನೂ ಕೆರೆ ಬೇಕಾಯ್ತಾ ಇವರ್ಗೆ!" ಎಂದು ಬೀಗಿತ್ತಿ ಕಣ್ಣಿಗೆ ಸೆರಗು ಹಚ್ಚಿದರು. ಹೊತ್ತು ಇಳಿಯುವಾಗ ಕೆರೆ ಕಡೆಯಿಂದ ಬಂದರು. ಪಂಚೆಯೆಲ್ಲ ಕೆಸರು, ಮುಖವೆಲ್ಲ ನಗೆ. ಕೋಲಿನ ಬುಡದಲ್ಲಿ ಅರಿಶಿನದ ಬಟ್ಟೆ ಇರಲಿಲ್ಲ. ಗಾಳದ ದಾರದಲ್ಲಿ ಒಂದು ಮೀನಿತ್ತು. ಅಂಗೈಯಗಲದ ಜಿಲೇಬಿ ಮೀನು! ಇಷ್ಟು ವರ್ಷ ಕಾದ ಕೋಲು ಹಿಡಿದದ್ದು ಅದನ್ನು!

"ಅಕ್ಕ, ಇದನ್ನೂ ಸಾರ್ಗಾಕಿ."

"ಪುರುಡು ಅದೆ ಮನೇಲಿ, ಇವತ್ತೇ ಯಾಕೆ ನಿಮ್ ಗಾಳ?" ಎಂದು ಬೀಗಿತ್ತಿ ಗದರಿದರು.

"ಪುರುಡು ನಮ್ಗೆ ಕಣೆ, ಮೀನ್ಗಲ್ಲ."

ಸಂಜೆ ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಬಾಣಂತಿ ಕೋಣೆಯ ಬಾಗಿಲಿಗೆ ಒರಗಿ ಮಗಳು ಮೆಣಸಿನ ಸಾರು ಅನ್ನ ಕಲಸುತ್ತಿದ್ದಳು, ಪಕ್ಕದಲ್ಲಿ ಕೂಸು ಮಲಗಿತ್ತು. ನಾನು ಮುದ್ದೆ ಇಟ್ಟು, ಮೀನು ಸಾರು ಬಡಿಸುತ್ತ ಬಂದೆ. ಬೀಗರಿಗೆ ಎಂದಿನಂತೆ ಬೇಳೆ ಸಾರಿನ ಪಾತ್ರೆ ಎತ್ತಿದೆ. ಅವರು ತಟ್ಟೆ ಮುಂದಕ್ಕೆ ತಳ್ಳಿದರು.

"ಅದಲ್ಲ ಅಕ್ಕ. ಮೀನು ಆಕಿ. ಆ ಚಿಕ್ಕುದು ನಂದು."

ಬೀಗಿತ್ತಿಯ ತುತ್ತು ಕೈಯಲ್ಲೇ ಉಳಿಯಿತು. ನನ್ನ ಬಾಯಿಂದ, "ಪಿತ್ತ?" ಎಂಬ ಒಂದೇ ಮಾತು ಹೊರಟಿತು.

"ಓಯ್ತು," ಎಂದರು ಬೀಗರು. "ಮನೆದೇವ್ರಿಗೆ ಒಂದ್ ಮಾತು ಕೊಟ್ಟಿದ್ದೆ. ತಾಯಿ ಮಗು ಒಸ್ಲು ದಾಟಿ ಒಳಕ್ಕೆ ಬರೋಗಂಟ ಮೀನು ಬಾಯ್ಗಿಡಕಿಲ್ಲ, ಆಮ್ಯಾಕೆ ಆ ಕೋಲಲ್ಲಿ ಇಡಿದೇ ತಿಂತೀನಿ ಅಂತ. ಬಾಯಿ ಬುಟ್ಟು ಏಳಿದ್ರೆ ಸೊಸೆ ಮನ್ಸಿಗೆ ಬಾರ ಆಗದು. ಅದುಕ್ಕೆ ಪಿತ್ತ ಅಂದೆ."

ಮಗಳು ಮುಖವನ್ನು ಕೂಸಿನ ಕಡೆಗೆ ತಿರುಗಿಸಿಕೊಂಡಳು. ನಾನು ಆ ಚಿಕ್ಕ ಮೀನನ್ನು ಹುಡುಕಿ ಅವರ ತಟ್ಟೆಗೆ ಹಾಕಿದೆ. ಸಾರಿನ ಹಬೆ ಕಣ್ಣಿಗೆ ಹೊಡೆಯಿತು. ಹಬೆಯೇ ಅನ್ನಿ.

ಬೀಗರು ಮೀನು ಮುರಿದರು. ಮುರಿದು ಹಾಗೇ ಕೂತರು. ಇಷ್ಟು ವರ್ಷ ತಿನ್ನದೆ, ಮುಳ್ಳು ಬಿಡಿಸುವುದೇ ಮರೆತುಹೋಗಿತ್ತು!

"ಮಾವ, ನಿಧಾನ, ಜಿಲೇಬೀಲಿ ಮುಳ್ಳು ಜಾಸ್ತಿ," ಎಂದಳು ಮಗಳು, ಅಳುತ್ತ ನಗುತ್ತ.

ಬೀಗಿತ್ತಿ ತಮ್ಮ ತಟ್ಟೆ ಪಕ್ಕಕ್ಕಿಟ್ಟು ಗಂಡನ ಹತ್ತಿರ ಸರಿದು ಕೂತರು. "ಮನೆ ತುಂಬ ಕೋಲು ಮಡಗವ್ರೆ, ಮುಳ್ಳು ತಗ್ಯಕ್ಕೆ ಒಂದ್ ಕೋಲಿಲ್ಲ," ಎಂದು ಬೈಯುತ್ತ, ಒಂದೊಂದೇ ಮುಳ್ಳು ಬಿಡಿಸಿ, ಮೀನಿನ ತುಂಡನ್ನು ಅವರ ಮುದ್ದೆಯ ಮೇಲಿಟ್ಟರು. ಬೀಗರು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅವರು ನುಂಗುವವರೆಗೂ ನಾವೆಲ್ಲ ಕಾದೆವು. ಆಮೇಲೆ ಎಲ್ಲರೂ ಉಂಡೆವು.