ಕಮಲಾಪುರದಲ್ಲಿ ನಾನು ಕಂಪ್ಯೂಟರ್ ಆಗಿದ್ದೆ

ಇದು ನಡೆದದ್ದು ೨೦೦೩ರ ಬೇಸಿಗೆಯಲ್ಲಿ. ಬಿ.ಎಸ್ಸಿ. ಮುಗಿಸಿ ಕಲಬುರಗಿಯ ಒಂದು ಸಣ್ಣ ಸಂಸ್ಥೆ ಸೇರಿದ್ದೆ. ಲೈಂಗಿಕ ಆರೋಗ್ಯದ ಮಾಹಿತಿ ಕೊಡುವ ವೆಬ್‌ಸೈಟ್ ಒಂದರ ಕರಡು ಅಲ್ಲಿ ತಯಾರಾಗಿತ್ತು. ಜನರನ್ನು ಅದರ ಮುಂದೆ ಕೂಡಿಸಿ, ಯಾವ ಪುಟ ತೆರೆಯುತ್ತಾರೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಮನೆಯಲ್ಲಿ ‘ಕಂಪ್ಯೂಟರ್ ನೌಕರಿ’ ಎಂದಷ್ಟೇ ಹೇಳಿದ್ದೆ. ಈ ಕೆಲಸದಲ್ಲಿ ನಗು ಬಾರದ ದಿನ ಇರಲಿಲ್ಲ. ನಗುವ ಹಾಗೂ ಇರಲಿಲ್ಲ.

ನಮ್ಮ ಸಾಹೇಬರಿಗೆ ಕನ್ನಡ ಪುಟಗಳ ಮೇಲೆ ನಂಬಿಕೆ ಇಲ್ಲ. “ಇಂಥಾ ವಿಷಯ ಕನ್ನಡದಾಗ ಯಾರೂ ಓದಂಗಿಲ್ಲ ತಂಗಿ. ಇಂಗ್ಲಿಷ್ ಒಂದ ಸಾಕು” ಎಂದರು. ನಾನು ಒಂದು ತಿಂಗಳ ಗಡುವು ಕೇಳಿದೆ. ಜನ ಒಳಗಿನ ಪುಟಗಳನ್ನು ನೋಡಿದರೆ ಕನ್ನಡ ಉಳಿಯುವುದು, ನೋಡದಿದ್ದರೆ ತೆಗೆದುಬಿಡುವುದು ಎಂದಾಯಿತು. ಗೆರೆ ಎಳೆದು ನಮೂನೆ ತಯಾರಿಸಿದೆ. ನೋಡಿದರೆ ‘ಹೌದು’, ನೋಡದಿದ್ದರೆ ‘ಇಲ್ಲ’.

೧. ಗೆಳೆಯ

ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಮೊದಲು ಕೂತವರು ಒಬ್ಬ ಗುಮಾಸ್ತರು. ಚೀಟಿ ಕೊಟ್ಟೆ: ‘ನಿಮ್ಮ ಗೆಳೆಯನಿಗೆ ಗುಪ್ತಾಂಗದಲ್ಲಿ ತುರಿಕೆ ಇದೆ. ಏನು ಮಾಡಬೇಕೆಂದು ಹುಡುಕಿ.’

“ಯಾವ ಗೆಳೆಯ?”

“ಯಾರೋ ಒಬ್ಬ, ಅಂದುಕೊಳ್ರಿ.”

“ಹಂಗ ಹೆಂಗ ಅಂದುಕೊಳ್ಳೋದು ಮೇಡಂ? ನನ್ನ ಗೆಳ್ಯಾರೆಲ್ಲ ಒಳ್ಳೆ ಮನಿತನದವರು.”

ಅವರು ತೆರೆದದ್ದು ‘ನಮ್ಮ ಬಗ್ಗೆ’ ಎಂಬ ಪುಟವನ್ನು ಮಾತ್ರ. ಇದನ್ನು ಮಾಡಿದವರು ಯಾರು ಎಂದು ಮೊದಲು ಗೊತ್ತಾಗಬೇಕಂತೆ. ಎರಡು ಸಲ ಓದಿ ಎದ್ದು ಹೋದರು. ‘ಇಲ್ಲ’ ಎಂದು ಬರೆದೆ.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಮುಂಚೆಯೇ ಬಂದು ನಿಂತಿದ್ದರು. ಆಚೆ ಈಚೆ ನೋಡಿ ಹೇಳಿದರು: “ಮೇಡಂ, ಆ ಗೆಳೆಯ ಸಿಕ್ಕಾನ್ರೀ.”

೨. ಗಟ್ಟಿ ದನಿ

ನಂದೂರಿನ ದಾಲ್ ಮಿಲ್ಲಿನಲ್ಲಿ ಹಮಾಲರ ಮೇಲ್ವಿಚಾರಣೆ ಮಾಡುವ ಹಿರಿಯರೊಬ್ಬರು ಬಂದರು. ನಮ್ಮ ನಿಯಮದ ಪ್ರಕಾರ, ನೋಡುವವರು ಓದಿದ್ದನ್ನು, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಅವರು ಮೂವತ್ತು ವರ್ಷ ಮಷೀನಿನ ಸದ್ದಿನ ಮೇಲೆ ಮಾತಾಡಿದವರು. ಮೊದಲ ಪುಟದಲ್ಲಿದ್ದ ಪ್ರಶ್ನೆಯನ್ನು ಅದೇ ದನಿಯಲ್ಲಿ ಓದಿದರು:

“ಹಸ್ತಮೈಥುನದಿಂದ ಶಕ್ತಿ ಕುಂದುತ್ತದೆಯೇ?”

ಪ್ಲೈವುಡ್ ಗೋಡೆಯ ಆರು ಕ್ಯಾಬಿನ್‌ಗಳಲ್ಲಿ ಕೀಬೋರ್ಡುಗಳ ಸದ್ದು ನಿಂತಿತು. ಹಿರಿಯರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಬ್ಯಾಡವ್ವಾ, ಜನ ಇದ್ದಾರ” ಎಂದು ಏಳತೊಡಗಿದರು.

ಪಕ್ಕದ ಕ್ಯಾಬಿನ್‌ನಿಂದ ದನಿ ಬಂತು: “ಕಾಕಾ, ಹಂಗ ಏಳಬ್ಯಾಡ್ರಿ. ಉತ್ತರ ಏನದ ನೋಡ್ರಿ.”

ಅದರಾಚೆಯ ಕ್ಯಾಬಿನ್‌ನಿಂದ ಇನ್ನೊಂದು: “ಹೌದ್ರೀ. ದನಿ ಇಷ್ಟ ಇರ್ಲಿ.”

ಕಾಕಾ ನಿಲ್ಲದೆ ಹೊರಟುಹೋದರು. ಮತ್ತೆ ‘ಇಲ್ಲ’. ನಗರದಲ್ಲಿ ಇಪ್ಪತ್ತು ಜನ ಕೂತರು. ಇಪ್ಪತ್ತೂ ‘ಇಲ್ಲ’; ಒಬ್ಬರಿಗೆ ಒಂದೇ ಸಲ ಎಂಬ ನಿಯಮದಿಂದ ಗುಮಾಸ್ತರದೂ ಬದಲಾಗಲಿಲ್ಲ. ಕಾಕಾ ಬಿಟ್ಟು ಉಳಿದವರೆಲ್ಲ ‘ನಮ್ಮ ಬಗ್ಗೆ’ ಮಾತ್ರ ನೋಡಿದ್ದರು.

“ನಾ ಹೇಳಿದ್ನಿಲ್ಲ?” ಎಂದರು ಸಾಹೇಬರು.

“ಇನ್ನ ಹತ್ತು ದಿನ ಅದಾವ ಸರ್” ಎಂದೆ.

೩. ಕಂಪ್ಯೂಟರಿಗೆ ಚಾ

ಕಮಲಾಪುರದಲ್ಲಿ ನನ್ನ ಗೆಳತಿ ಅಂಗನವಾಡಿ ಶಿಕ್ಷಕಿ. ಅಂಗನವಾಡಿಯ ಕೋಣೆಯಲ್ಲಿ ಹನ್ನೆರಡು ಹೆಂಗಸರನ್ನು ಕೂಡಿಸಿದಳು. ಮಧ್ಯಾಹ್ನ ಕರೆಂಟ್ ಇರುವುದಿಲ್ಲ ಎಂದು ಗೊತ್ತಿದ್ದರಿಂದ ಇಡೀ ವೆಬ್‌ಸೈಟನ್ನು ಮೂವತ್ತೆರಡು ಹಾಳೆಗಳ ಮೇಲೆ ಬರೆದು ಒಯ್ದಿದ್ದೆ. ಅವರು ಹಾಳೆಯ ಮೇಲಿನ ಚೌಕವನ್ನು ಬೆರಳಿನಿಂದ ಒತ್ತಬೇಕು, ನಾನು ಆ ಪುಟ ತೆಗೆದು ಮುಂದಿಡಬೇಕು. ಅಂದರೆ ನಾನೇ ಕಂಪ್ಯೂಟರ್. ಕಂಪ್ಯೂಟರ್ ಮಾತಾಡಬಾರದು.

ಎಲ್ಲರೂ ಆಯಿ ಎಂದು ಕರೆಯುವ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತ ಕೇಳಿದಳು: “ಇಕಿ ಯಾಕ ಮಾತಾಡವಲ್ಲಳು?”

“ಇಕಿ ಈಗ ಕಂಪ್ಯೂಟರ್, ಆಯಿ” ಎಂದಳು ಗೆಳತಿ.

“ಕಂಪ್ಯೂಟರಿಗೆ ಮದಿವಿ ಆಗ್ಯದೇನು?”

ನಾನು ಸುಮ್ಮನಿದ್ದೆ.

“ಯಾರ ಪೈಕಿ?”

ಆಯಿ ‘ನಮ್ಮ ಬಗ್ಗೆ’ ಒತ್ತಿಸಿ, ಗೆಳತಿಯಿಂದ ಓದಿಸಿದಳು.

“ಇದರಾಗೂ ಬರದಿಲ್ಲಲ್ಲ! ಊರಿಲ್ಲ, ಅಪ್ಪ ಯಾರಂತಿಲ್ಲ. ಇಂಥಾಕಿ ಮುಂದ ಒಳಗಿನ ಸುದ್ದಿ ಹ್ಯಾಂಗ ತಗೀಬೇಕು?”

ಹನ್ನೆರಡೂ ಜನ ತಲೆ ಆಡಿಸಿದರು. ಯಾರೂ ಮತ್ತೇನನ್ನೂ ಒತ್ತಲಿಲ್ಲ. ಕೊನೆಗೆ ಆಯಿಗೇ ಕನಿಕರ ಬಂತು.

“ಕಂಪ್ಯೂಟರಿಗೆ ಒಂದು ಕಪ್ ಚಾ ಕೊಡ್ರಿ. ಬಾಯಿ ಬಿಟ್ಟೀತು.”

೪. ಗಾಳಿ

ಊಟಕ್ಕೆ ಗೆಳತಿಯ ಮನೆಗೆ ಹೋದೆವು. ಹಾಳೆಗಳು ಚಾಪೆಯ ಮೇಲೆಯೇ ಇದ್ದವು, ಹೆಂಗಸರು ಕೋಣೆಯಲ್ಲೇ ಇದ್ದರು. ಅರ್ಧ ಗಂಟೆ ಬಿಟ್ಟು ಬಂದು ಎಣಿಸಿದೆ. ಒಂಬತ್ತು ಹಾಳೆ.

“ಹಾಳಿ ಯಾರು ತಗೊಂಡ್ರಿ?”

“ಯಾವ ಹಾಳಿ?” ಎಂದರು ಎಲ್ಲರೂ.

“ಗಾಳಿಗಿ ಹಾರ್ಯಾವ” ಎಂದಳು ಆಯಿ. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು.

ಉಳಿದ ಒಂಬತ್ತನ್ನು ನೋಡಿದೆ. ನಿಯಮಗಳು, ಸಲಹಾ ಮಂಡಳಿ, ‘ನಮ್ಮ ಬಗ್ಗೆ’, ಇಂಥವೇ. ಮುಟ್ಟು, ಗರ್ಭ, ಗುಪ್ತರೋಗದ ಹಾಳೆ ಒಂದೂ ಇರಲಿಲ್ಲ.

ಬಸ್ಸಿಗೆ ನಿಂತಾಗ, ಕೋಣೆಯಲ್ಲಿ ಬಾಗಿಲ ಬಳಿ ಕೂತಿದ್ದ ಸಣ್ಣ ವಯಸ್ಸಿನ ಸೊಸೆಯೊಬ್ಬಳು ಓಡಿ ಬಂದಳು. “ಅಕ್ಕಾ, ನಾ ಏನೂ ಒಯ್ದಿಲ್ಲ. ಬಿಳಿ ಹೋಗೋದರ ಹಾಳಿ ಅರ್ಧಕ್ಕ ನಿಂತದ. ಮುಂದಿನ ಹಾಳಿ ಎಲ್ಲಿ ಅದ?”

ಬಿಳಿಮುಟ್ಟಿನ ಆ ಎರಡನೇ ಹಾಳೆಯನ್ನು ಇನ್ಯಾರೋ ಒಯ್ದಿದ್ದರು. ಮುಂದಿನ ವಾರ ತರುತ್ತೇನೆ ಎಂದೆ.

ಸಾಹೇಬರು ವರದಿ ಓದಿದರು. “ಗಾಳಿಗಿ ಹಾರಿರಬೇಕು.”

“ಗಾಳಿ ಆರಿಸಿ ಒಯ್ಯಂಗಿಲ್ಲ ಸರ್. ‘ನಮ್ಮ ಬಗ್ಗೆ’ ಬಿಟ್ಟು ಹೋಗ್ಯದ.”

ಅವರು ವರದಿಯನ್ನು ಇನ್ನೊಮ್ಮೆ ತಿರುವಿ ನೋಡಿದರು. “ಒಮ್ಮೆ ಆದದ್ದು ನಂಬಂಗಿಲ್ಲ. ಇನ್ನೊಮ್ಮೆ ಆದ್ರ ಕನ್ನಡ ಇಡೋಣ.”

ವಿಜ್ಞಾನ ಓದಿದವಳು, ಒಪ್ಪಿದೆ. ಪ್ರಯೋಗ ಎರಡನೇ ಸಲವೂ ಆಗಬೇಕು.

ಈ ಸಲ ಮೂರು ಪ್ರತಿ ಮಾಡಿ ಒಯ್ದೆ. ಅದೇ ಕೋಣೆ, ಅದೇ ಹನ್ನೆರಡು ಜನ. ಹಾಳೆಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟೆ. “ಕಂಪ್ಯೂಟರ್ ಊಟಕ್ಕ ಹೋಗ್ತದ್ರಿ” ಎಂದು ಹೇಳಿ, ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದೆ. ನಿಧಾನವಾಗಿ ಎರಡು ರೊಟ್ಟಿ ಉಂಡೆ. ಮಜ್ಜಿಗೆ ಎರಡು ಸಲ ಕೇಳಿ ಕುಡಿದೆ.

ಹಿಂದಿರುಗಿದಾಗ ಎಲ್ಲರೂ ಸೆರಗು ಹೊದ್ದು, ಗೋಡೆ ನೋಡುತ್ತ ಕೂತಿದ್ದರು. ಬಾಗಿಲ ಬಳಿಯ ಸೊಸೆ ಮಾತ್ರ ನನ್ನನ್ನು ನೋಡಿ ನಕ್ಕಳು.

“ಇವತ್ತ ಗಾಳಿ ಭಾಳ ಇತ್ತವ್ವ” ಎಂದಳು ಆಯಿ.

ಎರಡು ಸಲ ಎಣಿಸಿ ನಮೂನೆ ತುಂಬಿದೆ. ನಾನು ಒಯ್ದ ಹಾಳೆ: ತೊಂಬತ್ತಾರು. ಉಳಿದದ್ದು ‘ನಮ್ಮ ಬಗ್ಗೆ’ ಮಾತ್ರ: ಮೂರು.