ಚರ್ಚಿಗೆ ಕಲಶವಿಟ್ಟ ನಮ್ಮ ಮಾವ

ನಮ್ಮ ಸೋದರಮಾವನಿಗೆ ದೇವರ ಮೇಲೆ ಭಕ್ತಿಗಿಂತ ಮರುಕವೇ ಹೆಚ್ಚು! ಹೊಳೆನರಸೀಪುರದಲ್ಲಿ ಅರ್ಚಕರಾಗಿದ್ದ ಅವರು, ಮಧ್ಯಾಹ್ನ ಬಡ್ತಿಯ ಹರಕೆ ಹೊತ್ತು ಬಂದ ಅಮಲ್ದಾರರನ್ನೇ ಬಾಗಿಲಲ್ಲಿ ತಡೆದಿದ್ದರು. "ಪಾಪ, ಸ್ವಾಮಿ ಊಟ ಮಾಡಿ ಈಗತಾನೆ ಮಲಗಿದಾನೆ. ಸಾಯಂಕಾಲ ಬನ್ನಿ!" ಅಮಲ್ದಾರರು ಸಾಯಂಕಾಲವೇ ಬಂದರು. ಇನ್ನೇನು ಮಾಡಿಯಾರು?

ಗೊರೂರಿನ ಕಡೆ ರಾಗಿಹೊಲಗಳ ನಡುವೆ ಗುಮ್ಮಟದ ಪುಟ್ಟ ಹಳೇ ಚರ್ಚೊಂದಿತ್ತು. ಮಾವ ಆ ದಾರಿಯಲ್ಲಿ ಹೋದಾಗಲೆಲ್ಲ ಚಪ್ಪಲಿ ಕಳಚಿ ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು. ಅಲ್ಲಿನ ಪಾದ್ರಿಗಳು ಒಮ್ಮೆ ಮೆಲ್ಲಗೆ, "ನಮ್ಮಲ್ಲಿ ಸುತ್ತು ಬರೋ ಪದ್ಧತಿ ಇಲ್ಲ ಸ್ವಾಮಿ" ಎಂದರು.

"ಯಾರೂ ಸುತ್ತು ಬರೋರಿಲ್ಲ ಅಂತಲೇ ನಾನು ಬಂದೆ!"

ಅರವತ್ತರ ದಶಕದಲ್ಲಿ ಅಣೆಕಟ್ಟಿನ ಸುದ್ದಿ ಬಂತು; ಚರ್ಚಿನ ಸಮೇತ ಆ ಊರು ಮುಳುಗುತ್ತದಂತೆ. ಊರಿನವರು ಹೆಂಚು, ತೊಲೆ ಕಿತ್ತುಕೊಂಡು ಎತ್ತರದ ಜಾಗಕ್ಕೆ ಹೋದರು. ಚರ್ಚಿನ ಪೀಠದ ಮೇಲಿದ್ದ ಮಾತೆ ಮರಿಯಮ್ಮನವರ ವಿಗ್ರಹವೂ ಗಾಡಿಯಲ್ಲಿ ಹೋಯಿತು. ಚರ್ಚಿನ ಕಸ ಗುಡಿಸುತ್ತಿದ್ದ ಅಜ್ಜಿ ಮಾತ್ರ ಕದಲಲಿಲ್ಲ. ಬಿಕೋ ಎನ್ನುವ ಊರಲ್ಲಿ ಒಬ್ಬಳೇ! ಮಗ ಕಾಲು ಹಿಡಿದ, ಪಾದ್ರಿಗಳು ಬೇಡಿಕೊಂಡರು. "ಬೊಂಬೆ ಓಯ್ತು, ಅವ್ವ ಇಲ್ಲೇ ಅವ್ಳೆ. ನಾ ಬರಾಕಿಲ್ಲ ಕಣ್ಲಾ" ಎಂದು ಮಗನನ್ನು ಗದರಿದಳು.

ಸುದ್ದಿ ಕೇಳಿದ ಮಾವ ಪಾದ್ರಿಗಳ ಮೇಲೆಯೇ ಹರಿಹಾಯ್ದರು. "ಆಕೆ ಹೇಳೋದು ಸರಿಯಾಗಿದೆ! ಕಲಾಕರ್ಷಣೆ ಮಾಡದೆ ಹೇಗೆ ಸಾಗಿಸಿದಿರಿ?" ವಿಗ್ರಹ ಕದಲಿಸುವ ಮೊದಲು ದೇವರ ಕಳೆಯನ್ನು ಕಲಶದ ನೀರಿಗೆ ಕರೆದುಕೊಳ್ಳುವುದು ನಮ್ಮ ದೇವಸ್ಥಾನಗಳ ಪದ್ಧತಿ. ಚರ್ಚಿಗೂ ಉಂಟೇ? ಮಾವನಿಗೆ ಉಂಟು! ತಾಮ್ರದ ಚೆಂಬು, ಮಾವಿನೆಲೆ, ತೆಂಗಿನಕಾಯಿ, ಜೊತೆಗೆ ನಾನು. ಇಷ್ಟನ್ನೂ ಎಳೆದುಕೊಂಡು ಹೊರಟೇಬಿಟ್ಟರು.

ಖಾಲಿ ಪೀಠದೆದುರು ಕೂತಾಗ ನಾನು ಪಿಸುಗುಟ್ಟಿದೆ: "ಯಾವ ಮಂತ್ರ ಮಾವ?"

"ಅಮ್ಮನ್ನ ಕರೆಯೋಕೆ ಮಂತ್ರ ಯಾಕೋ, ಮಂಕೆ?" ಎಂದವರೇ ಕಣ್ಣು ಮುಚ್ಚಿ, "ಅಮ್ಮಾ, ಊರು ಬಿಟ್ಟಾಯ್ತು. ಎದ್ದು ಬಾ" ಎಂದರು. ಅಜ್ಜಿಯ ಪಕ್ಕ ನಿಂತಿದ್ದ ಪಾದ್ರಿಗಳು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ನಗುವೋ ಅಳುವೋ, ತಿಳಿಯಲಿಲ್ಲ.

ಮಡಿಯ ಚೆಂಬನ್ನು ನಮ್ಮ ಅತ್ತೆಗೂ ಮುಟ್ಟಗೊಡದ ಮಾವ, ಅದನ್ನು ಅಜ್ಜಿಯ ಕೈಗೆ ಕೊಟ್ಟರು. "ತಗೋಳಮ್ಮ, ನಿಮ್ಮವ್ವ ಇದರಲ್ಲಿದಾಳೆ. ತುಳುಕಿಸದೆ ಕರ್ಕೊಂಡು ನಡಿ."

ಅಜ್ಜಿ ನೀರನ್ನೇ ನೋಡಿದಳು. "ಬಂದವ್ಳಾ, ಐನೋರೆ?"

"ಬಂದಿದಾಳೆ."

ಚೆಂಬನ್ನು ಎದೆಗವಚಿಕೊಂಡು ದಿಬ್ಬ ಹತ್ತಿದ ಅಜ್ಜಿ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಹಿಂದೆ ಉಳಿದ ಮಾವ, ಅಮ್ಮನೂ ಹೋಗಿ ಬರಿದಾದ ಚರ್ಚಿನ ಗೋಡೆಗೆ ಹಣೆಯೊತ್ತಿ ಬಿಕ್ಕಿಬಿಕ್ಕಿ ಅತ್ತರು.