ಚಿಕ್ಕಪ್ಪನ ಕರಿಹಲಗೆ

ಸಾಮಾಜಿಕ ಜಾಲತಾಣವನ್ನು ಕಂಡುಹಿಡಿದವನು ನಮ್ಮ ಚಿಕ್ಕಪ್ಪ ಎಂದರೆ ನೀವು ನಗುತ್ತೀರಿ. ನಗಿ! ತೊಂಬತ್ತರ ದಶಕದ ಕೊನೆಯಲ್ಲೇ ಅದು ಕೊಕ್ಕನೂರಿನ ನಮ್ಮ ಮನೆ ಗೋಡೆಯ ಮೇಲೆ ನೇತಾಡುತ್ತಿತ್ತು.

ದಾವಣಗೆರೆಯಲ್ಲಿ ಬಿ.ಎ. ಮುಗಿಸಿ ಬಂದವನು ಒಂದು ಕರಿಹಲಗೆಯನ್ನೂ ತಂದಿದ್ದ. ದಿನಾ ಅದರ ಮೇಲೆ ರಾಜಕೀಯದ ಒಂದು ಮಾತು ಬರೆಯುತ್ತಿದ್ದ. ಕೆಳಗೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. 'ಯುವಕರೇ, ಎದ್ದೇಳಿ' ಎಂದು ಬರೆದ ದಿನ ಯಾರೋ, 'ತಾವು ಎದ್ದಿದ್ದು ಎಂಟಕ್ಕೆ' ಎಂದು ಗೀಚಿದ್ದರು. ಪ್ರಜಾಪ್ರಭುತ್ವದ ಚರ್ಚೆಯ ನಡುವೆ 'ಎಮ್ಮೆ ಮಾರಾಟಕ್ಕಿದೆ' ಎಂಬುದೂ ಬಂತು. ಯಾರೂ ಬರೆಯದ ದಿನ ಚಿಕ್ಕಪ್ಪನೇ ಎಡಗೈಯಲ್ಲಿ 'ಬಹಳ ಸರಿಯಾದ ಮಾತು' ಎಂದು ಬರೆದುಕೊಳ್ಳುತ್ತಿದ್ದ. "ಮುಖ ತೊಳಿಯಾಕ್ಕಿಂತ ಮುಂಚೆ ಹಲಗಿ ನೋಡ್ತಾನ," ಎಂದು ಅಜ್ಜಿ ಗೊಣಗುತ್ತಿದ್ದಳು.

ಆಗ ನಾನು ಹರಿಹರದ ಕಾಲೇಜಿಗೆ ಹೋಗುತ್ತಿದ್ದೆ. ಇದ್ದಕ್ಕಿದ್ದಂತೆ ಸಂಜೆಯ ಬಸ್ಸು ನಿಂತಿತು. "ವಾಪಸ್ ಬರಾಕ ಬಸ್ ಇಲ್ಲಂದ್ರ ಕಾಲೇಜು ಬ್ಯಾಡ," ಎಂದು ಅಪ್ಪ ತೀರ್ಪು ಕೊಟ್ಟರು. ನನಗೆ ಊಟ ಸೇರಲಿಲ್ಲ. ಚಿಕ್ಕಪ್ಪ ಮಾತ್ರ ಹುರುಪಿನಿಂದ, 'ಬಸ್ಸಿಗಾಗಿ ಹೋರಾಟ! ಸೋಮವಾರ ಹರಿಹರದ ಡಿಪೋ ಮುಂದೆ ಸೇರೋಣ' ಎಂದು ಬರೆದ. ಊರ ಹುಡುಗರೆಲ್ಲ ಕೆಳಗೆ ಹೆಸರು ಹಾಕಿ 'ಬಂದೇ ಬರ್ತೀವಿ' ಎಂದರು. ಜಾಗ ಸಾಲದೆ ಚೌಕಟ್ಟಿನ ಮೇಲೂ ಬರೆದರು.

ಸೋಮವಾರ ಹೊರಡುವ ಹೊತ್ತಿಗೆ ಮನೆ ಮುಂದೆ ಒಬ್ಬರೂ ಬರಲಿಲ್ಲ. ಆದರೇನು, ಹೆಸರುಗಳಿವೆಯಲ್ಲ? ಧೂಳು ಕೂರಬಾರದೆಂದು ಬರಹ ಒಳಮುಖ ಮಾಡಿ, ಹಲಗೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಚಿಕ್ಕಪ್ಪ ಸೈಕಲ್ ತುಳಿದ.

"ನಿಮ್ ಮಂದಿ ಎಲ್ಲಪ್ಪಾ?" ಎಂದರಂತೆ ಡಿಪೋ ಅಧಿಕಾರಿ.

"ಇಲ್ಲೇ ಅದಾರ್ರಿ," ಎಂದು ಹಲಗೆ ಬಿಚ್ಚಿದರೆ ಒಂದು ಅಕ್ಷರವೂ ಇಲ್ಲ. ಬೆವರಿಗೆ ಹೆಸರುಗಳೆಲ್ಲ ಅಂಗಿಗೆ ಮೆತ್ತಿಕೊಂಡಿದ್ದವು. ಚಿಕ್ಕಪ್ಪ ತಿರುಗಿ ನಿಂತು ಬೆನ್ನು ತೋರಿಸಿದ. "ಓದ್ಕಳ್ರಿ."

ಅಧಿಕಾರಿ ನಕ್ಕು ಚಹಾ ಕುಡಿಸಿದರು. ಬಸ್ಸು ಮಾತ್ರ ಕೊಡಲಿಲ್ಲ.

ಮನೆಗೆ ಬಂದವನೇ ಅಪ್ಪನ ಮುಂದೆ ನಿಂತ. "ಅಣ್ಣಾ, ದಿನಾ ಸಂಜಿಗೆ ನಾ ಹೋಗಿ ಕರ್ಕಂಬರ್ತೀನಿ. ಹುಡುಗಿ ಕಾಲೇಜು ಬಿಡಿಸ್ಬ್ಯಾಡ."

ಮರುದಿನ ಸಂಜೆ ಕಾಲೇಜಿನ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದ. ಅಷ್ಟು ದೂರ ತುಳಿದು ಬಂದವನ ಕಾಲು ನಡುಗುತ್ತಿತ್ತು.

"ಯಾರೂ ಬರ್ಲಿಲ್ಲಂತ ಬೇಜಾರಾತಾ, ಚಿಕ್ಕಪ್ಪ?"

"ಮುಂದಿನ ಸಲ ಬರ್ತಾರ ಬಿಡು. ನೀ ಗಟ್ಟಿ ಹಿಡ್ಕ."

ದಾರಿಯುದ್ದಕ್ಕೂ ಯುವಶಕ್ತಿಯ ಬಗ್ಗೆ ಭಾಷಣ. ಹಿಂದೆ ಕೂತು ನಾನು ಅಳುತ್ತಿದ್ದೆ. ಬಸ್ಸು ಮತ್ತೆ ಬರುವವರೆಗೆ ಅವನು ಒಂದು ಸಂಜೆಯೂ ತಪ್ಪಿಸಲಿಲ್ಲ.